ಒಂದು ಮಗುವಿಗೆ ಒಂದೇ ಕಾರಣ

ಸ್ವಲ್ಪ ಹತ್ತಿರ ಬನ್ನಿ. ಬಾಗಿಲನ್ನು ಒಂದಿಷ್ಟು ಮುಂದಕ್ಕೆ ಮಾಡಿ, ಪೂರ್ತಿ ಹಾಕಬೇಡಿ. ಪೂರ್ತಿ ಹಾಕಿದರೆ ಒಳಗೆ ಏನೋ ನಡೀತಿದೆ ಅಂತ ಜನ ಕಿವಿ ನಿಮಿರಿಸುತ್ತಾರೆ. ಈ ವಿಷಯ ನಿಮ್ಮ ಹೊಟ್ಟೆಯಲ್ಲೇ ಇರಲಿ. ನಿಮ್ಮ ಅಕ್ಕನಿಗೆ ಹೇಳದೆ ಇರಲಾಗದು ಅನ್ನಿಸಿದರೆ ಹೇಳಿ, ಆದರೆ ಆಣೆ ಹಾಕಿಸಿಕೊಂಡು ಹೇಳಿ. ಇದುವರೆಗೂ ಎಲ್ಲರೂ ಆಣೆ ಹಾಕಿಸಿಕೊಂಡೇ ಹೇಳಿದ್ದಾರೆ. ಅದಕ್ಕೇ ಇದು ಇಷ್ಟು ದೂರ ಬಂದಿದೆ.

ವಿಷಯ ಏನೆಂದರೆ, ಆ ಊರಿನ ಮಕ್ಕಳ ರಕ್ತ ಕಚೇರಿಯ ನಿಯಮದಂತೆ ಒಂದು ಮಗುವಿನ ಮೈಯಲ್ಲಿ ರಕ್ತ ಕಡಿಮೆಯಾಗಲು ಒಂದೇ ಕಾರಣ ಇರತಕ್ಕದ್ದು. ಎರಡು ಕಾರಣಗಳಿರುವ ಮಗು ಬಂದರೆ ಅದನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ, ಒಂದು ಕಾರಣವನ್ನು ಮನೆಯಲ್ಲಿ ಬಿಟ್ಟು ಬರುವಂತೆ ಸೌಜನ್ಯದಿಂದ ತಿಳಿಸಲಾಗುತ್ತಿತ್ತು.

ಊರು ತಗ್ಗಿನಲ್ಲಿತ್ತು. ಬಂದ ಮಳೆನೀರು ಹೋಗುವ ಮಾತೆತ್ತುತ್ತಿರಲಿಲ್ಲ, ಹೀಗಾಗಿ ಸೊಳ್ಳೆಗಳೇ ಅಲ್ಲಿನ ಕಾಯಂ ನಿವಾಸಿಗಳು. ಮಕ್ಕಳಿಗೆ ಚಳಿಜ್ವರ ಬರುವುದು, ಬಿಡುವುದು, ಮತ್ತೆ ಬರುವುದು. ಒಂದೊಂದು ಸಲ ಬಂದು ಹೋದಾಗಲೂ ಮಗುವಿನ ಕೆನ್ನೆಯ ಬಣ್ಣ ಒಂದಿಷ್ಟು ಇಳಿದಿರುತ್ತಿತ್ತು, ಹಳೆಯ ಸೀರೆ ಒಗೆದಾಗಲೆಲ್ಲ ಇಳಿಯುತ್ತದಲ್ಲ, ಹಾಗೆ.

ಹೊಸದಾಗಿ ಬಂದಿದ್ದ ಡಾಕ್ಟರಮ್ಮ ಮಕ್ಕಳ ಕಣ್ಣಿನ ಕೆಳರೆಪ್ಪೆ ಬಿಡಿಸಿ ನೋಡಿ, ಉಗುರು ಒತ್ತಿ ನೋಡಿ, ಕಚೇರಿಯ ಸಾಹೇಬರ ಹತ್ತಿರ ಹೋಗಿ ಒಂದೇ ಉಸಿರಿನಲ್ಲಿ ಎಲ್ಲ ಹೇಳಿದ್ದರು. ಮಲೇರಿಯಾ ಬಂದಾಗಲೆಲ್ಲ ರಕ್ತದ ಕಣಗಳು ಒಡೆದು ಹೋಗುತ್ತವೆ. ಬರಿಗಾಲಲ್ಲಿ ಮೋರಿ ಪಕ್ಕದ ಮಣ್ಣಲ್ಲಿ ಆಡುವ ಮಗುವಿನ ಅಂಗಾಲಿನಿಂದ ಕೊಕ್ಕೆಹುಳು ಒಳಹೊಕ್ಕು ಕರುಳಲ್ಲಿ ಕೂತು ರಕ್ತ ಹೀರುತ್ತದೆ. ಹೋದ ರಕ್ತ ಮತ್ತೆ ಕಟ್ಟಿಕೊಳ್ಳಬೇಕೆಂದರೆ ಊಟದಲ್ಲಿ ಕಬ್ಬಿಣದ ಅಂಶವಿಲ್ಲ. ಬಸುರಿಯಾಗಿದ್ದಾಗ ತಾಯಿಗೇ ರಕ್ತ ಇರಲಿಲ್ಲ, ಅವಳು ಮಗುವಿಗೆ ಎಲ್ಲಿಂದ ತಂದುಕೊಡಬೇಕು. ಎಲ್ಲಾ ಒಟ್ಟಿಗೇ ಆಗೋದು ಸರ್, ಎಂದರು.

ಸಾಹೇಬರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಒಟ್ಟಿಗೆ ಅನ್ನೋದಕ್ಕೆ ನಮ್ಮಲ್ಲಿ ಕೌಂಟರ್ ಎಲ್ಲಿದೆಯಮ್ಮಾ?" ಎಂದು ಕೇಳಿದರು.

ಕೌಂಟರ್ ಇರಲಿಲ್ಲ. ಇದ್ದದ್ದು ಸೊಳ್ಳೆ ಕೌಂಟರ್, ಹುಳು ಕೌಂಟರ್, ಊಟದ ಕೌಂಟರ್, ಮತ್ತು ಯಾವುದಕ್ಕೂ ಸೇರದ ಮಕ್ಕಳ ತಾಯಂದಿರಿಗಾಗಿ ಬುದ್ಧಿವಾದದ ಕೌಂಟರ್. ಸೊಳ್ಳೆಯವರಿಗೂ ಹುಳುವಿನವರಿಗೂ ಮಾತುಕತೆ ನಿಂತು ಬಹಳ ದಿನವಾಗಿತ್ತು. ಒಂದು ಬೇಸಿಗೆಯಲ್ಲಿ ಇವರ ಫ್ಯಾನನ್ನು ಅವರು ಬಿಚ್ಚಿಕೊಂಡು ಹೋಗಿದ್ದರು. ಊಟದವರು ಇಬ್ಬರ ಜೊತೆಯೂ ಮಾತಾಡುತ್ತಿದ್ದರು, ಆದರೆ ಬೇರೆ ಬೇರೆಯಾಗಿ. ಇಂಥ ಕಡೆ ಒಂದೇ ಮಗು ಮೂರು ಕೌಂಟರಿಗೆ ಹೋದರೆ ಕಚೇರಿಯ ಶಾಂತಿಗೆ ಭಂಗ ಬರುವುದಿಲ್ಲವೇ? ಡಾಕ್ಟರಮ್ಮನನ್ನು ಸೀಲು ಒತ್ತುವ ಕೆಲಸಕ್ಕೆ ಹಾಕಲಾಯಿತು. ಓದಿದ ಕೈ, ಸೀಲು ಬಹಳ ಸ್ಪಷ್ಟವಾಗಿ ಬೀಳುತ್ತಿತ್ತು.

ಆಮೇಲೆ ಗೋಡೆಯ ಮೇಲೆ ಪ್ರಕಟಣೆ ಬಂತು:

"ಮಕ್ಕಳು ಬಿಳಿಚಿಕೊಳ್ಳಲು ಕಾರಣವೇನೆಂದು ಕೇಳಿದಾಗ ತಾಯಂದಿರು 'ಎಲ್ಲಾನೂ' ಎಂದು ಉತ್ತರಿಸಿ ಕಚೇರಿಯ ವೇಳೆಯನ್ನು ವ್ಯರ್ಥಗೊಳಿಸುತ್ತಿರುವುದು ಗಮನಕ್ಕೆ ಬಂದಿದೆ. ತಾಯಿಯು ತನ್ನ ಮಗುವಿನ ವಿಷಯದಲ್ಲಿ ಪಕ್ಷಪಾತಿಯಾದ್ದರಿಂದ ಇನ್ನು ಮುಂದೆ ಕಾರಣವನ್ನು ನೆರೆಮನೆಯವರೇ ಹೇಳತಕ್ಕದ್ದು. ನೆರೆಮನೆಯವರು ಹೇಳಿದ ಕಾರಣವೇ ಕಾರಣ. ಒಮ್ಮೆ ಹೇಳಿದ ಕಾರಣವು, ಮಗು ಆ ಮನೆಯಲ್ಲಿರುವವರೆಗೆ, ಮಗುವಿಗೆ ಅಂಟಿಕೊಂಡಿರತಕ್ಕದ್ದು."

ಈ ಪ್ರಕಟಣೆಯನ್ನು ಓದಿಸಿ ಕೇಳಿಕೊಂಡಾಗ ಗೆಜೆಟ್ ಅಜ್ಜಿಯ ಕಣ್ಣಲ್ಲಿ ನೀರು ಬಂತಂತೆ. ಇಷ್ಟು ವರ್ಷ ಸರ್ಕಾರದ ಕಣ್ಣಿಗೆ ಬೀಳದೆ ಮಾಡಿಕೊಂಡು ಬಂದ ಸೇವೆಯನ್ನು ಕೊನೆಗೂ ಯಾರೋ ಗುರುತಿಸಿದರಲ್ಲ!

ಗೆಜೆಟ್ ಅಜ್ಜಿ ಯಾರು ಅಂದರೆ, ಬೀದಿ ತಿರುಗುವ ಮೂಲೆಯ ಮನೆಯ ಮುದುಕಿ. ಓದಿದ್ದು ಕಾಗುಣಿತ ಅರ್ಧ; ಉಳಿದರ್ಧ ಕಲಿಯುವ ಹೊತ್ತಿಗೆ ಪಕ್ಕದಲ್ಲಿ ಕೂರುತ್ತಿದ್ದ ಹುಡುಗಿಯ ಮನೆಯ ಜಗಳದಲ್ಲಿ ಮನಸ್ಸು ಸಿಕ್ಕಿಕೊಂಡಿತ್ತು. ಅವಳ ಕಿಟಕಿಯಿಂದ ಎಡಕ್ಕೆ ನೋಡಿದರೆ ಅರ್ಧ ಬೀದಿ, ಬಲಕ್ಕೆ ನೋಡಿದರೆ ಇನ್ನರ್ಧ. ಅವಳು ಒಂದು ಮಾತನ್ನು ಬೆಳಿಗ್ಗೆ ನಲ್ಲಿಯ ಹತ್ತಿರ ಆಡಿದಳೆಂದರೆ ಮಧ್ಯಾಹ್ನದ ಹೊತ್ತಿಗೆ ಅದು ಜಾರಿಗೆ ಬಂದಿರುತ್ತಿತ್ತು. ಆ ಹೆಸರು ಬಿದ್ದದ್ದು ಅದಕ್ಕೇ. ಕಣ್ಣಿಗೆ ಕಾಣುವಷ್ಟು ದೂರದವರೆಲ್ಲ ನೆರೆಮನೆಯವರೇ ಎಂದು ಗುಮಾಸ್ತ ನಿಯಮಕ್ಕೆ ವಿವರಣೆ ಕೊಟ್ಟ ಮೇಲಂತೂ ಅಜ್ಜಿ ಇಡೀ ಬೀದಿಗೆ ನೆರೆಮನೆಯವಳಾದಳು. ಕಚೇರಿಯಲ್ಲಿ ಅವಳಿಗೆಂದೇ ಕೈಯಿರುವ ಕುರ್ಚಿ ಬಂತು.

ಕ್ಷೌರಿಕನ ಮಗು ಬಿಳಿಚಿಕೊಂಡದ್ದೇಕೆ? ಮಗುವಿಗೆ ತಂದ ಹಾಲನ್ನು ಅದರ ಅಜ್ಜಿ ಬೆಕ್ಕಿಗೆ ಹಾಕುತ್ತಾಳೆ, ಕಣ್ಣಾರೆ ಕಂಡಿದ್ದೇನೆ. ಗುಮಾಸ್ತ "ಊಟ" ಎಂದ, ಡಾಕ್ಟರಮ್ಮ ಸೀಲು ಒತ್ತಿದರು. ಗಾರೆ ಮೇಸ್ತ್ರಿಯ ಮಗಳು? ಆ ಮನೆಯಲ್ಲಿ ಚಪ್ಪಲಿ ಇರುವುದು ಗಂಡನಿಗೆ ಒಬ್ಬನಿಗೇ, ಅದೂ ಮಾವನ ಮನೆಯಿಂದ ಬಂದದ್ದು. "ಹುಳು." ಅಜ್ಜಿ ಹೇಳುತ್ತಿದ್ದ ಕಾರಣಗಳಲ್ಲಿ ಕೆಲವು ಸರಿಯಾಗಿಯೂ ಇರುತ್ತಿದ್ದವು. ಆದರೆ ಅವು ಅವಳಿಗೆ ಅಷ್ಟು ರುಚಿಸುತ್ತಿರಲಿಲ್ಲ.

ಹೀಗಿರುವಾಗ ಟೈಲರಕ್ಕನ ಮಗನ ಸರದಿ ಬಂತು. ಟೈಲರಕ್ಕ ಅಜ್ಜಿಯ ಗೋಡೆಗೆ ಗೋಡೆ ತಾಗಿದ ಮನೆಯವಳು. ಗಂಡ ಇಲ್ಲ, ಹೊಲಿಗೆ ಮೆಷಿನ್ ಇದೆ. ಮಗ ತೀರಾ ಸಪೂರ. ಬೀದಿಯವರೆಲ್ಲ ನೂಲು ಎಂದೇ ಕರೆಯುತ್ತಿದ್ದರು. ಅವನಿಗೆ ದಿನ ಬಿಟ್ಟು ದಿನ ಸಂಜೆ ಹಲ್ಲು ಕಟಕಟಿಸುವ ಚಳಿ. ಹೊಲಿಯಲು ಬಂದ ಬಟ್ಟೆಗಳನ್ನೆಲ್ಲ, ಯಾರದೋ ಸೀರೆ, ಯಾರದೋ ಪ್ಯಾಂಟಿನ ಬಟ್ಟೆ, ಅವನ ಮೇಲೆ ಹೊದಿಸಿ ಅವಳು ಮೇಲೆ ಒರಗಿ ಕೂರುತ್ತಿದ್ದಳು. ಅಜ್ಜಿ ಇದನ್ನು ಕಿಟಕಿಯಿಂದ ನೋಡಿದ್ದಳು. ಅದರ ಜೊತೆಗೆ ಇನ್ನೊಂದನ್ನೂ ನೋಡಿದ್ದಳು: ಸೈಕಲ್ಲಿನಲ್ಲಿ ಗುಂಡಿ ಮಾರುವ ಗಂಡಸೊಬ್ಬ ಬಂದು, ಗುಂಡಿ ಕೊಡಲು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಆ ಮನೆಯೊಳಗೆ ಇದ್ದು ಹೋಗುತ್ತಿದ್ದ.

ಈಗ ನೀವೇ ಹೇಳಿ. ಒಂದು ಕಡೆ ಚಳಿಜ್ವರ, ಊರಿಗೆಲ್ಲ ಬರುವಂಥದ್ದು. ಇನ್ನೊಂದು ಕಡೆ ಗುಂಡಿ ಮಾರುವವನು. ಒಂದೇ ಕಾರಣ ಹೇಳಬೇಕು. ಗುಮಾಸ್ತ ಕೇಳಿದಾಗ ಅಜ್ಜಿ ಕುರ್ಚಿಯಿಂದ ಮುಂದಕ್ಕೆ ಬಾಗಿ, ಸೆರಗು ಬಾಯಿಗೆ ಹಿಡಿದು, "ತಾಯಿಯ ಗಮನ ಬೇರೆ ಕಡೆ ಇದೆಯಪ್ಪಾ" ಎಂದಳು.

ಟೈಲರಕ್ಕನನ್ನು ಬುದ್ಧಿವಾದದ ಕೌಂಟರಿಗೆ ಕಳಿಸಲಾಯಿತು. ಅಲ್ಲಿ ಮಾತ್ರೆ ಕೊಡುವುದಿಲ್ಲ. ಮಗುವನ್ನು ಪ್ರೀತಿಸಬೇಕು, ಮಗುವಿನ ಕಡೆ ನೋಡಬೇಕು, ಎಂದು ಒಬ್ಬರು ಓದುತ್ತಾರೆ, ಕೇಳಿದ್ದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾರೆ. ಅವಳು ಕೇಳುವಷ್ಟು ಹೊತ್ತೂ ನೂಲು ಅವಳ ಮಡಿಲಲ್ಲಿ ನಡುಗುತ್ತಿದ್ದ. ಗುಂಡಿ ಮಾರುವವನು ಅವಳ ಒಡಹುಟ್ಟಿದ ತಮ್ಮ ಅನ್ನುವುದು ಮರುದಿನವೇ ಗೊತ್ತಾಯಿತು. ಅಜ್ಜಿ ಮೊದಲೇ ಕೇಳಿ ತಿಳಿದುಕೊಳ್ಳಬಹುದಿತ್ತು, ನಿಜ. ಆದರೆ ತಮ್ಮ ಅಂತ ಗೊತ್ತಾದ ಮೇಲೆ ಆ ಕಥೆಯಲ್ಲಿ ಉಪ್ಪು ಖಾರ ಏನು ಉಳಿಯುತ್ತದೆ? ಮತ್ತು ಆಡಿದ ಕಾರಣ, ಮಗು ಆ ಮನೆಯಲ್ಲಿ ಇರುವವರೆಗೆ, ಅಂಟಿಕೊಂಡಿರತಕ್ಕದ್ದು. ನಿಯಮದ ಮುಂದೆ ಅಜ್ಜಿಯಾದರೂ ಏನು ಮಾಡಿಯಾಳು.

ಅಜ್ಜಿಯ ಮನೆಯಲ್ಲೂ ಒಂದು ಮಗುವಿತ್ತು. ಮಗನ ಮಗಳು, ಗುಬ್ಬಿ. ಮಗ ಲಾರಿ ಓಡಿಸುತ್ತಾ ಊರೂರು ಸುತ್ತುವವನು, ಸೊಸೆ ದೊಡ್ಡ ಲಾಂಡ್ರಿಯಲ್ಲಿ ಬಟ್ಟೆ ಒಗೆಯುವವಳು; ಹಗಲೆಲ್ಲ ಗುಬ್ಬಿ ಅಜ್ಜಿಯ ಪಾಲು. ಅಜ್ಜಿ ಕಿಟಕಿಗೆ ಮುಖ ಕೊಟ್ಟು ಕೂತಿದ್ದರೆ ಗುಬ್ಬಿ ಅವಳ ಬೆನ್ನ ಹಿಂದೆ ಗೋಡೆಯ ಸುಣ್ಣ ಕೆರೆದು ತಿನ್ನುತ್ತಿತ್ತು. ಸದ್ದು ಮಾಡದ ಮಗು, ಪುಣ್ಯ ಮಾಡಿದ್ದೆ ಅಂತ ಅಜ್ಜಿ ನಲ್ಲಿಯ ಹತ್ತಿರ ಹೇಳಿಕೊಂಡಿದ್ದಳು. ಮೆಟ್ಟಿಲು ಹತ್ತುವಾಗ ಏದುಸಿರು ಬಿಟ್ಟು ನಡುವೆ ಕೂತರೆ, ತಾಯಿಯ ಹಾಗೆ ಸೋಮಾರಿ ಎಂದಿದ್ದಳು. ಎರಡು ಸಲ ಜ್ವರ ಬಂದು ಬಿಟ್ಟಿತ್ತು. ಆಗ ಅಜ್ಜಿಗೆ ಕಚೇರಿಯಲ್ಲಿ ಕೆಲಸ ಜಾಸ್ತಿ.

ಒಂದು ಸಂಜೆ ಸೊಸೆ ಕೆಲಸದಿಂದ ಬಂದವಳು ಮಗುವನ್ನು ಎತ್ತಿಕೊಂಡು ಬಂದು ಅಜ್ಜಿಯ ಕಿಟಕಿಗೆ ಅಡ್ಡ ನಿಂತಳು. "ಅತ್ತೆ, ಊರ ಮಕ್ಕಳ ಸುದ್ದಿಯೆಲ್ಲ ನಿಮಗೆ ಗೊತ್ತು. ಇದರ ಕಣ್ಣು ಒಂದು ಸಲ ಬಿಡಿಸಿ ನೋಡಿ."

ಅಜ್ಜಿ ಕೆಳರೆಪ್ಪೆ ಎಳೆದು ನೋಡಿದಳು. ಕೆಂಪು ಇರಬೇಕಾದ ಕಡೆ ಸುಣ್ಣದ ಬಣ್ಣ ಇತ್ತು. ಅಂಗೈ ನೋಡಿದಳು, ಅದೂ ಹಾಗೇ. ಅವಳ ಬಾಯಿಯಿಂದ ಏನೂ ಹೊರಡಲಿಲ್ಲ. ಆ ಮನೆಯಲ್ಲಿ ಅದು ಹೊಸ ಸಂಗತಿಯಾದ್ದರಿಂದ ಸೊಸೆಗೆ ಭಯ ಹೆಚ್ಚಾಯಿತು.

ಡಾಕ್ಟರಮ್ಮ ಸೀಲನ್ನು ಪಕ್ಕಕ್ಕಿಟ್ಟು ಗುಬ್ಬಿಯನ್ನು ಪೂರ್ತಿ ನೋಡಿದರು. ಜ್ವರದ ಔಷಧ ಬೇಕು, ಹುಳುವಿನ ಮಾತ್ರೆ ಬೇಕು, ಜ್ವರ ಇಳಿದ ಮೇಲೆ ಕಬ್ಬಿಣದ ಸಿರಪ್ ಬೇಕು, ಸೊಪ್ಪು ಕಾಳು ಮೊಟ್ಟೆ ಬೇಕು. ಒಂದು ಕೊಟ್ಟು ಇನ್ನೊಂದು ಬಿಟ್ಟರೆ ಒಂದು ಕಡೆಯಿಂದ ತುಂಬಿದ್ದು ಇನ್ನೊಂದು ಕಡೆಯಿಂದ ಸೋರುತ್ತದೆ, ಎಂದರು. ಇನ್ನೊಂದು ಜ್ವರ ಹೀಗೇ ಬಂದರೆ ಮಾತ್ರೆ ಸಾಲುವುದಿಲ್ಲ, ಬೇರೆಯವರ ರಕ್ತವನ್ನೇ ಏರಿಸಬೇಕು. ಅದು ಹೊಳೆಯಾಚೆಯ ದೊಡ್ಡಾಸ್ಪತ್ರೆಯಲ್ಲಿ ಮಾತ್ರ, ಮತ್ತು ಆ ದಾರಿ ಈಗ ನೀರಿನಡಿ ಇದೆ. ಇಷ್ಟು ಹೇಳಿ ಸುತ್ತ ನೋಡಿ, ದನಿ ತಗ್ಗಿಸಿ, "ನೀವು ಯಾವುದಾದರೂ ಒಂದನ್ನ ಆರಿಸಿಕೊಳ್ಳಬೇಕು ಅಜ್ಜಿ" ಎಂದರು.

ಆರಿಸಿಕೊಳ್ಳುವುದೂ ಅಜ್ಜಿಯ ಕೈಯಲ್ಲಿರಲಿಲ್ಲ. ಇಡೀ ಬೀದಿಗೆ ನೆರೆಮನೆಯವಳಾದವಳು ತನ್ನ ಮನೆಗೆ ತಾನೇ ನೆರೆಮನೆಯವಳಾಗಲು ಬರುವುದಿಲ್ಲ ಎಂದು ಗುಮಾಸ್ತ ವಿಷಾದದಿಂದ ಹೇಳಿದ. ಗೋಡೆಗೆ ಗೋಡೆ ತಾಗಿದವರು ಯಾರು? ಟೈಲರಕ್ಕ. ಆಕೆ ಹೇಳಿದ್ದೇ ಕಾರಣ.

ಅಜ್ಜಿ ಹೋದಾಗ ಟೈಲರಕ್ಕ ಬಾಯಿತುಂಬ ಗುಂಡುಪಿನ್ನು ಕಚ್ಚಿಕೊಂಡು ಯಾವುದೋ ಲಂಗಕ್ಕೆ ನಿರಿಗೆ ಹಿಡಿಯುತ್ತಿದ್ದಳು. ಮಾತಾಡಬೇಕೆಂದರೆ ಪಿನ್ನುಗಳನ್ನೆಲ್ಲ ತೆಗೆಯಬೇಕು; ತೆಗೆಯಲು ಅವಳಿಗೆ ಯಾವ ಅವಸರವೂ ಇರಲಿಲ್ಲ. ಅಜ್ಜಿ ಹೊಸ್ತಿಲ ಮೇಲೆ ಕೂತು ಮಳೆಯ ಬಗ್ಗೆ ಮಾತಾಡಿದಳು. ಲಂಗದ ಬಣ್ಣ ಚೆನ್ನಾಗಿದೆ ಎಂದಳು. ಮೂಲೆಯಲ್ಲಿ ನೂಲು ಚಾಪೆಯ ಮೇಲೆ ಮಲಗಿದ್ದ, ಯಾರದೋ ಮದುವೆಯ ರವಿಕೆಬಟ್ಟೆ ಹೊದ್ದು. ಅಜ್ಜಿಗೆ ಹೇಳಬೇಕಾದ ಮಾತು ಗಂಟಲವರೆಗೆ ಬಂತು, ಅಲ್ಲಿಂದ ದಾರಿ ತಪ್ಪಿ ಬೇರೆ ಕಡೆ ಹೋಯಿತು.

"ನಿನ್ನ ತಮ್ಮ ಚೆನ್ನಾಗಿದಾನೇನಮ್ಮಾ?" ಎಂದಳು. ತಮ್ಮ ಅನ್ನುವುದನ್ನು ಸ್ವಲ್ಪ ಒತ್ತಿಯೇ ಹೇಳಿದಳು.

ಟೈಲರಕ್ಕ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಬಟ್ಟೆಯ ಪುಟ್ಟ ಮೆತ್ತೆಗೆ ಚುಚ್ಚಿದಳು. "ಯಾವ ತಮ್ಮ ಅಜ್ಜಿ? ಆ ಗುಂಡಿ ಮಾರೋನಾ?"

ಅಜ್ಜಿ ನೆಲಕ್ಕೆ ಬಿದ್ದಿದ್ದ ಒಂದು ಪಿನ್ನನ್ನು ಹೆಕ್ಕಿ ಕೊಟ್ಟಳು.

"ಗುಬ್ಬಿಗೆ ಏನು ಕಾರಣ ಹೇಳ್ಲಿ? ನಿಮ್ಮ ಸೊಸೆ ಬೆಳಿಗ್ಗೆ ಹೋದೋಳು ಸಂಜೆ ಬರ್ತಾಳೆ. ಗಮನ ಬೇರೆ ಕಡೆ ಅಂತ ಹೇಳ್ಬಿಡ್ಲಾ? ಇಲ್ಲಾ ಅಜ್ಜಿಯ ಗಮನ ಬೀದಿ ಕಡೆ ಅನ್ಲಾ?"

"ಎರಡನೇದು ನಿಜ ಕಣೇ," ಎಂದಳು ಅಜ್ಜಿ. "ಆದ್ರೆ ಅದಕ್ಕೆ ಔಷಧ ಕೊಡಲ್ಲ. ನಿನ್ನ ಕಾಲು ಹಿಡ್ಕೋತೀನಿ, ಸೊಳ್ಳೆ ಅನ್ನು."

ಟೈಲರಕ್ಕ ಲಂಗವನ್ನು ಮಡಿಚಿ ಮೆಷಿನ್ನಿನ ಮೇಲಿಟ್ಟಳು. ಆಮೇಲೆ ಹೇಳಿದಳು: ಅನ್ನುತ್ತೇನೆ, ಮಗು ಏನು ಮಾಡಿದೆ ಪಾಪ. ಆದರೆ ಸೊಳ್ಳೆ ಅಂದರೆ ಹುಳು ಹೊಟ್ಟೆಯಲ್ಲೇ ಉಳಿಯುತ್ತೆ. ಹುಳು ಅಂದರೆ ಜ್ವರ ಉಳಿಯುತ್ತೆ. ಊಟ ಅಂದರೆ ಎರಡೂ ಉಳಿಯುತ್ತವೆ. ಒಂದು ಮಗುವಿಗೆ ಒಂದೇ ಕಾರಣ ಅಲ್ಲವೇ?

ಆಗ ಅಜ್ಜಿಯ ತಲೆ ಓಡಿತು. ಮೇಲಿನ ಬೀದಿಯ ಒಬ್ಬಳೇ ಹುಡುಗಿಗೆ ಒಂದೇ ವಾರದಲ್ಲಿ ಮೂವರು ಗಂಡಸರ ಜೊತೆ ಸಂಬಂಧ ಕಟ್ಟಿ, ಮೂರನ್ನೂ ಊರಿಗೆ ನಂಬಿಸಿದ್ದ ನಾಲಿಗೆ ಅದು. ಅದಕ್ಕೆ ಒಂದು ಮಗುವನ್ನು ಮೂರು ಮಾಡುವುದು ಎಷ್ಟರ ಕೆಲಸ?

"ಒಂದು ಮಗುವಿಗೆ ಒಂದೇ ಕಾರಣ ಸರಿ," ಎಂದಳು ಅಜ್ಜಿ. "ಗುಬ್ಬಿ ಒಂದೇ ಮಗು ಅಂತ ಯಾರು ಹೇಳಿದ್ದು? ನಮ್ಮ ಮನೇಲಿ ಒಂದು ಗುಬ್ಬಿ. ನಿನಗೆ ಒಬ್ಬಳು ಮಗಳು ಇದಾಳೆ, ಇಷ್ಟು ದಿನ ನಿನ್ನ ಅಕ್ಕನ ಮನೇಲಿದ್ದಳು, ಈಗ ಬಂದಿದಾಳೆ. ಕ್ಷೌರಿಕನ ಮನೇಲಿ ಇನ್ನೊಬ್ಬಳು. ಗುಬ್ಬಿಗೆ ಸೊಳ್ಳೆ ಅಂತ ನೀನು ಹೇಳು. ನಿನ್ನ ಮಗಳಿಗೆ ಹುಳು ಅಂತ ನಾನು ಹೇಳ್ತೀನಿ. ಕ್ಷೌರಿಕನ ಮಗಳಿಗೆ ಊಟ ಅಂತಾನೂ ನಾನೇ ಹೇಳ್ತೀನಿ."

"ನಂಗೆ ಮಗಳು ಹುಟ್ಟಿಲ್ಲ ಅಜ್ಜಿ."

"ನಲ್ಲಿ ಹತ್ರ ಹೇಳಿ ಬಂದೆ ಅಂದ್ರೆ ಹುಟ್ಟಿರುತ್ತೆ."

ಟೈಲರಕ್ಕ ಮೂಲೆಯಲ್ಲಿದ್ದ ಚಾಪೆಯ ಕಡೆ ನೋಡಿದಳು. ಹಾಗಾದರೆ ನೂಲು ನಿಮ್ಮ ಮೊಮ್ಮಗ, ಎಂದಳು. ಇವತ್ತಿನಿಂದಲೇ. ಅವನು ನಿಮ್ಮ ಮನೆಯವನಾದರೆ ಅಂಟಿದ ಕಾರಣ ಈ ಮನೆಯಲ್ಲೇ ಉಳಿಯುತ್ತದೆ, ನೆರೆಮನೆಯವಳು ನಾನು. ಅವನಿಗೆ ಸೊಳ್ಳೆ ಅಂತ ನಾನೇ ಹೇಳಬಹುದು.

ಅಜ್ಜಿ ಒಪ್ಪಿದಳು. ಹೆತ್ತವಳ ಮಾತು ಕಚೇರಿಯಲ್ಲಿ ನಡೆಯಬೇಕಾದರೆ ಅವಳು ಮೊದಲು ನೆರೆಮನೆಯವಳಾಗಬೇಕು ಅನ್ನುವುದು ಅಂದು ಆ ಹೊಸ್ತಿಲ ಮೇಲೆ ಇಬ್ಬರಿಗೂ ಅರ್ಥವಾಯಿತು, ಮತ್ತು ಅದು ಇಬ್ಬರಿಗೂ ಸಹಜವಾಗಿಯೇ ಕಂಡಿತು.

ಕೆಲಸ ಸುಸೂತ್ರವಾಗಿ ನಡೆಯಿತು. ಗುಬ್ಬಿ ನೀಲಿ ಫ್ರಾಕ್ ಹಾಕಿಕೊಂಡು ಸೊಳ್ಳೆ ಕೌಂಟರಿಗೆ ಹೋಯಿತು, ಜ್ವರ ಇಳಿದ ಮೇಲೆ ಹಳದಿ ಫ್ರಾಕ್ ಹಾಕಿಕೊಂಡು ಹುಳು ಕೌಂಟರಿಗೆ, ಹಸಿರು ಫ್ರಾಕ್ ಹಾಕಿಕೊಂಡು ಸಿರಪ್ಪಿಗೂ ಮೊಟ್ಟೆಗೂ ಊಟದ ಕೌಂಟರಿಗೆ. ಮೂರನ್ನೂ ಟೈಲರಕ್ಕ ಅವರಿವರ ಬಟ್ಟೆಯ ತುಂಡಿನಲ್ಲಿ ಹೊಲಿದಿದ್ದಳು. ಡಾಕ್ಟರಮ್ಮ ಮೂರು ಸಲವೂ ಮಗುವಿನ ಮುಖ ನೋಡಿ, ಇವಳನ್ನು ಎಲ್ಲೂ ನೋಡಿಲ್ಲ ಎಂಬಂತೆ ಸೀಲು ಒತ್ತಿದರು. ನೂಲು ಅಜ್ಜಿಯ ಮೊಮ್ಮಗನಾಗಿ ಜ್ವರದ ಔಷಧ ತಿಂದ, ಗಾರೆ ಮೇಸ್ತ್ರಿಯ ಮಗನಾಗಿ ಹುಳುವಿನ ಮಾತ್ರೆ ನುಂಗಿದ, ಕ್ಷೌರಿಕನ ಮಗನಾಗಿ ಮೊಟ್ಟೆ ತಿಂದ. ಕ್ಷೌರಿಕನ ಮನೆಯ ಬೆಕ್ಕು ಮಾತ್ರ ಆ ದಿನಗಳಲ್ಲಿ ಸ್ವಲ್ಪ ಸೊರಗಿತು.

ಬೀದಿಯ ಉಳಿದ ತಾಯಂದಿರು ಸುಮ್ಮನಿರುತ್ತಾರೆಯೇ. ಒಬ್ಬೊಬ್ಬರೇ ಅಜ್ಜಿಯ ಹತ್ತಿರ ಬಂದರು. ಅಜ್ಜಿ ಯಾರ ಮಗು ಯಾರ ಮನೆಯದು ಎಂದು ಹಂಚಿಕೊಟ್ಟಳು. ಮಕ್ಕಳು ಮೊದಮೊದಲು ಊಟದ ಹೊತ್ತಿಗೆ ಯಾವ ಮನೆಗೆ ಹೋಗಬೇಕೆಂದು ತಿಳಿಯದೆ ಬೀದಿಯಲ್ಲಿ ನಿಲ್ಲುತ್ತಿದ್ದವು. ಆಮೇಲೆ ಎಲ್ಲ ಮನೆಗೂ ಹೋಗತೊಡಗಿದವು, ಅದೂ ಒಳ್ಳೆಯದೇ ಆಯಿತು.

ಬೀದಿಯ ಮಕ್ಕಳ ಸಂಖ್ಯೆ ಏಕಾಏಕಿ ಮೂರು ಪಟ್ಟಾದದ್ದನ್ನು ಕಂಡು ಸಾಹೇಬರು ಖುದ್ದಾಗಿ ತಪಾಸಣೆಗೆ ಬಂದರು. ಸಿರಪ್ಪು ಇನ್ನೂ ಅರ್ಧವೇ ಆಗಿತ್ತು, ಕೌಂಟರ್ ಮುಚ್ಚಿದರೆ ಗುಬ್ಬಿಯ ಗತಿ? ಸಾಹೇಬರು ಅಜ್ಜಿಯ ಮನೆಯಲ್ಲಿ ಗುಬ್ಬಿಯ ತಲೆ ಸವರಿದರು. ಅವರು ಪಕ್ಕದ ಮನೆ ತಲುಪುವಷ್ಟರಲ್ಲಿ, ಅಂದು ಕೆಲಸಕ್ಕೆ ರಜೆ ಹಾಕಿದ್ದ ಸೊಸೆ ಹಿತ್ತಲ ಬಾಗಿಲಿನಿಂದ ಮಗುವನ್ನು ದಾಟಿಸಿ ಹಳದಿ ಫ್ರಾಕ್ ಏರಿಸಿದ್ದಳು, ಗುಂಡಿ ಹಾಕಲು ಹೊತ್ತು ಸಿಕ್ಕಿರಲಿಲ್ಲ. ಅಲ್ಲಿಯೂ ತಲೆ ಸವರಿದರು. ಕ್ಷೌರಿಕನ ಮನೆಯಲ್ಲಿ ಗುಬ್ಬಿ ಅವರನ್ನು ನೋಡಿ, ಈ ತಾತ ಎಲ್ಲಾ ಕಡೆ ಬರ್ತಾರೆ, ಎಂದಿತು.

ಸಾಹೇಬರು ಕನ್ನಡಕ ತೆಗೆದು ಒರೆಸಿದರು.

"ಮೂವರಲ್ಲಿ ಈ ಮಗು ಸ್ವಲ್ಪ ಚುರುಕು," ಎಂದರು ಸಾಹೇಬರು. "ಊಟದ ಕೌಂಟರಿನವರು ಚೆನ್ನಾಗಿ ಕೆಲಸ ಮಾಡ್ತಾ ಇದಾರೆ."

ಮುಂದಿನ ವಾರ ಗೋಡೆಯ ಮೇಲೆ ಹೊಸ ಪ್ರಕಟಣೆ ಬಂತು. ಇದುವರೆಗೆ ಯಾರ ಕಣ್ಣಿಗೂ ಬೀಳದಿದ್ದ ಇಷ್ಟೊಂದು ಬಿಳಿಚಿದ ಮಕ್ಕಳನ್ನು ಕಚೇರಿಯು ಪತ್ತೆಹಚ್ಚಿ, ಪ್ರತಿಯೊಂದಕ್ಕೂ ಒಂದೇ ಕಾರಣವನ್ನು ಒದಗಿಸಿರುವುದು ಹೆಮ್ಮೆಯ ಸಂಗತಿ. ನೆರೆಮನೆಯ ಮಕ್ಕಳು ಸ್ವಂತ ಮಕ್ಕಳಿಗಿಂತ ಬೇಗ ಗುಣಮುಖರಾಗುತ್ತಿರುವುದು ಕಂಡುಬಂದಿರುವುದರಿಂದ, ಸಾರ್ವಜನಿಕರು ಸಾಧ್ಯವಾದಷ್ಟೂ ತಮ್ಮ ಮಕ್ಕಳನ್ನು ನೆರೆಮನೆಯಲ್ಲಿ ಹೊಂದತಕ್ಕದ್ದು. ಸೊಳ್ಳೆಯವರಿಗೆ ಹೊಸ ಫ್ಯಾನು ಮಂಜೂರಾಯಿತು. ಮೋರಿಯ ನೀರು ಇದ್ದ ಕಡೆಯೇ ಇತ್ತು. ಅದು ಯಾವ ಕೌಂಟರಿಗೂ ಸೇರಿದ್ದಲ್ಲ.

ಗುಬ್ಬಿ ಈಗ ಮೆಟ್ಟಿಲನ್ನು ಓಡಿಕೊಂಡೇ ಹತ್ತುತ್ತಿತ್ತು, ಗೋಡೆಯ ಸುಣ್ಣದ ತಂಟೆಗೆ ಹೋಗುತ್ತಿರಲಿಲ್ಲ. ನೂಲುವಿಗೆ ಕೆನ್ನೆ ಬಂದು ಹೆಸರು ಒಪ್ಪದ ಹಾಗಾಗಿತ್ತು. ಇಷ್ಟೆಲ್ಲ ಆದ ಮೇಲೆ ಯಾರಾದರೂ ತನ್ನ ಬಗ್ಗೆ ನಾಲ್ಕು ಒಳ್ಳೆಯ ಮಾತು ಆಡಿಯಾರು ಎಂದು ಅಜ್ಜಿ ಕಾದಳು. ನಲ್ಲಿಯ ಹತ್ತಿರ ತಾನೇ ಎರಡು ಸಲ ಆ ಮಾತು ಎತ್ತಿ ನೋಡಿದಳು, ಯಾರೂ ಹಿಡಿಯಲಿಲ್ಲ. ಕೊನೆಗೆ ಟೈಲರಕ್ಕ ಮಗನನ್ನು ಊಟಕ್ಕೆ ಕರೆಯಲು ಬಂದಾಗ, ತಡೆಯಲಾರದೆ ಅವಳ ಎದುರಿಗೇ ಹೋಗಿ ನಿಂತು, "ಏನೋಮ್ಮಾ, ಈ ಮುದುಕಿಯಿಂದ ಊರಿಗೆ ಏನು ಉಪಕಾರ ಆಯ್ತೋ, ನೀನೇ ಹೇಳ್ಬೇಕು" ಎಂದಳು.

ಟೈಲರಕ್ಕ ಅವಳ ಮುಖವನ್ನೇ ನೋಡುತ್ತಾ ಹೇಳಿದಳು:

"ನೀವು ಇಷ್ಟು ವರ್ಷ ಹೇಳ್ಕೊಂಡು ಬಂದಿರೋ ಸುಳ್ಳಲ್ಲೆಲ್ಲ ಮಾತ್ರೆ ಸಿಕ್ಕಿದ್ದು ಇದೊಂದಕ್ಕೇ ಅಜ್ಜಿ. ಇನ್ಮೇಲಾದ್ರೂ ಇಂಥದ್ದನ್ನೇ ಹೇಳಿ."